ಕಂಡಕ್ಟರ್ ಮನೆಯ ಬೆಳಗಿನ ಸೀಟಿ

ಆ ಬಸ್ ಕಂಡಕ್ಟರ್ ಸೀಟಿ ಊದಿದರೆ ಎದುರುಮನೆಯ ಗಡಿಯಾರ ಬೆದರಿ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಒಲೆ ಹಚ್ಚುವ ಮೊದಲೇ ಹಾಲು ಉಕ್ಕುತ್ತಿತ್ತು. ಮನೆಯಲ್ಲಿ ಮಗಳನ್ನು ಎಬ್ಬಿಸುವುದಕ್ಕೂ ಅದೇ ಸೀಟಿ.

"ಏಳಮ್ಮಾ, ಏಳು! ಹಲ್ಲುಜ್ಜು, ಸ್ನಾನ, ತಿಂಡಿ! ಮುಂದೆ ಹೋಗಿ, ಮುಂದೆ ಹೋಗಿ! ರೈಟ್!"

ಮಗು ಏಳುತ್ತಿರಲಿಲ್ಲ, ಬೆಚ್ಚಿ ಹಾರಿ ಬೀಳುತ್ತಿತ್ತು.

ಸಂಜೆ ಅರಳು ಹುರಿದಂತೆ ಒಪ್ಪಿಸಿದ ಏಳರ ಮಗ್ಗಿ ಬೆಳಿಗ್ಗೆ ಶಾಲೆ ಮುಟ್ಟುವಷ್ಟರಲ್ಲಿ ಅವಳ ತಲೆಯಿಂದ ಇಳಿದುಹೋಗಿರುತ್ತಿತ್ತು. "ಹೀಗೇ ಆದ್ರೆ ಮುಂದಿನ ವರ್ಷವೂ ಇದೇ ಕ್ಲಾಸು" ಎಂದು ಟೀಚರ್ ಹೇಳಿಕಳಿಸಿದಾಗ ಅಪ್ಪ ಹೆಂಡತಿ, ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದ. ಯಾವ ಸ್ಟಾಪಿನಲ್ಲಿ ಯಾರ ಕೊಡೆ ಯಾರ ಕೈಸೇರಿತು ಎಂಬುದನ್ನೂ ನೆನಪಿಟ್ಟವನ ಮಗಳಿಗೆ ಮರೆವೇ?

ಮಕ್ಕಳ ಡಾಕ್ಟರಮ್ಮ ಹತ್ತಿಯ ಸುರುಳಿಯೊಂದನ್ನು ಕೊಟ್ಟು, "ಬೆಳಿಗ್ಗೆ ಎದ್ದ ತಕ್ಷಣ ಮಗು ಬಾಯಲ್ಲಿಟ್ಟು ಎಂಜಲು ಹಿಡೀರಿ, ಒತ್ತಡದ ಹಾರ್ಮೋನು ನೋಡೋಣ" ಎಂದರು. ಆ 'ತಕ್ಷಣ' ಎಲ್ಲಿ ಕೈತಪ್ಪೀತೋ ಎಂದು ಅವನು ಮರುದಿನ ಬೆಳಿಗ್ಗೆ ಮಗಳ ಕಿವಿಯ ಪಕ್ಕದಲ್ಲೇ ನಿಂತು ಎರಡು ಪಟ್ಟು ಜೋರಾಗಿ ಊದಿದ.

ವರದಿ ನೋಡಿ ಡಾಕ್ಟರಮ್ಮನವರ ಹುಬ್ಬು ಕೂದಲಿನೊಳಗೆ ಹೋಯಿತು. "ಬೆಳಿಗ್ಗೆ ಇದು ಏರೋದು ಸಹಜ. ಆದ್ರೆ ಇಷ್ಟೊಂದಾ! ಹೇಗೆ ಎಬ್ಬಿಸಿದ್ರಿ?"

ಹೆಂಡತಿ ಗಂಡನ ಜೇಬಿಗೆ ಕೈಹಾಕಿ ಸೀಟಿಯನ್ನು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ನಗು ನುಂಗಿದರು. "ಒಂದು ಪರೀಕ್ಷೆಯಿಂದ ಏನೂ ಹೇಳಕ್ಕಾಗಲ್ಲ. ಆದ್ರೆ ದಿನಾ ಗಾಬರಿಯಲ್ಲಿ ಎದ್ರೆ ಕಲಿತದ್ದು ನೆನಪಿಗೆ ಬರೋದು ಕಷ್ಟ ಆಗಬಹುದು. ಸ್ವಲ್ಪ ದಿನ ತಲೆ ಸವರಿ ಎಬ್ಬಿಸಿ."

ಸೀಟಿ ಇನ್ನು ಬಸ್ಸಿಗೆ ಮಾತ್ರ ಎಂದಾಯಿತು. ಟಿಕೆಟ್ ಹರಿದು ಒರಟಾದ ಬೆರಳು ಮೊದಮೊದಲು ಕೂದಲನ್ನೂ ಹರಿಯಲು ಹೋಗುತ್ತಿತ್ತು, ಬರಬರುತ್ತಾ ಪಳಗಿತು. ಬೀದಿಯ ಗಡಿಯಾರಗಳೂ ದಾರಿಗೆ ಬಂದವು. ಮಗಳು ಮೈಮುರಿದು, ನಕ್ಕು, ಹಲ್ಲುಜ್ಜುತ್ತಲೇ ಮಗ್ಗಿ ಗುನುಗತೊಡಗಿದಳು.

ಶಾಲೆಯ ಪರೀಕ್ಷೆಯ ದಿನ, ತಲೆ ಸವರುತ್ತಾ ಸವರುತ್ತಾ ಅವನೇ ಗೊರಕೆ ಹೊಡೆದ. ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಸೀಟಿ ಸಿಡಿಯಿತು. ಅವನು ಹಾರಿದ ರಭಸಕ್ಕೆ ಛಾವಣಿ ಒಂದಿಂಚು ಮೇಲೆ ಸರಿಯಿತು.

"ಅಪ್ಪಾ, ರೈಟ್! ನಿನ್ ಬಸ್ಸು ಹೋಗುತ್ತೆ! ಏಳೇಳ್ಲ ನಲವತ್ತೊಂಬತ್ತು, ಏಳೆಂಟ್ಲ ಐವತ್ತಾರು!"

"ಪುಟ್ಟೀ, ಆ ಹತ್ತಿ ತಗೊಂಡ್ಬಾರೇ," ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ನಿಮ್ಮಪ್ಪಂದೂ ಒಂದ್ಸಲ ನೋಡಿಸೋಣ!"

ಅವತ್ತಿಡೀ ಅವನು ಸ್ಟಾಪುಗಳ ಹೆಸರನ್ನು ಹಿಂದುಮುಂದಾಗಿ ಕೂಗಿದ. "ಏನ್ರೀ ಕಂಡಕ್ಟ್ರೇ, ಮರೆವಾ?" ಎಂದು ಜನ ಛೇಡಿಸಿದರು. ಸಂಜೆ ಶಾಲೆಯ ಸ್ಟಾಪಿನಲ್ಲಿ ಟೀಚರ್ ಬಸ್ ಹತ್ತಿ, "ನಿಮ್ಮ ಮಗಳು ಒಂದೂ ಬಿಡದೆ ಹೇಳಿದ್ಲು, ಮುಂದಿನ ಕ್ಲಾಸಿಗೆ ಕಳಿಸ್ತೀನಿ" ಎಂದಾಗ, ಅವನು ಅವರಿಗೆ ಟಿಕೆಟ್ ಕೊಡುವುದನ್ನೇ ಮರೆತ.