ಕೌಲಾಲಂಪುರದಿಂದ ಬ್ಯಾಂಕಾಕಿಗೆ, ಊರ ಟೈಮಿನಲ್ಲಿ

ದೂರ ಎಷ್ಟು ಎಂದು ಕೇಳಿದರೆ ನಾವು ಕರಾವಳಿಯವರು ಗಂಟೆಯಲ್ಲಿ ಉತ್ತರ ಕೊಡುತ್ತೇವೆ. ದೋಹಾಕ್ಕೆ ಬಂದ ಮೇಲೆ ನನ್ನ ಈ ಚಟ ಇನ್ನೂ ಹೆಚ್ಚಾಗಿದೆ. ಅಲ್ ಥುಮಾಮಾದ ಮನೆಯಿಂದ ಲುಸೈಲಿನ ಆಫೀಸಿಗೆ ಎಷ್ಟು ಕಿಲೋಮೀಟರ್ ಎಂದು ಇಂದಿಗೂ ಗೊತ್ತಿಲ್ಲ. ಅರ್ಧ ಗಂಟೆ, ದಾರಿಯಲ್ಲಿ ಯಾರಾದರೂ ಕಾರು ತಾಗಿಸಿಕೊಂಡಿದ್ದರೆ ಒಂದು ಗಂಟೆ. ದೂರ ಹೀಗೆ ಹಿಗ್ಗಿ ಕುಗ್ಗುತ್ತದೆಂದು ಗೊತ್ತಿದ್ದೂ ಮೊನ್ನೆ ಸಾಕ್ಷಿ ಹೇಳಲು ಹೋಗಿ ಸಿಕ್ಕಿಬಿದ್ದೆ.

ಹೆಂಡತಿ ಲವೀನಾಳ ತಂಗಿ ಜೆಸ್ಸಿ ಬ್ಯಾಂಕಾಕಿನಲ್ಲಿ ಒಬ್ಬಳೇ ಇದ್ದಾಳೆ. ಪಿತ್ತಕೋಶದ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದಳು. ಒಂದು ಲೋಟ ನೀರು ಕೊಡಲೂ ಜನವಿಲ್ಲ. ಇವರಿಬ್ಬರ ತಮ್ಮ ರೋಶನ್ ಇರುವುದು ಕೌಲಾಲಂಪುರದಲ್ಲಿ. ಅವನನ್ನು ಹೊರಡಿಸಲು ಲವೀನಾ ಫೋನು ಹಿಡಿದಳು.

“ಮೂರು ಗಂಟೆ ಪ್ರಯಾಣ ಅಕ್ಕ. ಲೀವ್ ಬೇರೆ ಸಿಗುದಿಲ್ಲ.”

“ಎಂತ ಮೂರು ಗಂಟೆ? ಬಾವ ಹೋಗಿದ್ದಾರೆ, ಅವರನ್ನೇ ಕೇಳು.”

“ಒಂದೇ ಗಂಟೆ ಮಾರಾಯ,” ಎಂದೆ. “ಹತ್ತಕ್ಕೆ ಹೊರಟದ್ದು, ಹನ್ನೊಂದು ದಾಟುವಾಗ ಇಳಿದಾಗಿತ್ತು. ವಾಚ್ ನೋಡಿದ್ದೇನೆ.”

“ಕೇಳಿದ್ಯಾ? ಅಕ್ಕನಿಗಾಗಿ ಒಂದು ಗಂಟೆ ಪುರುಸೊತ್ತಿಲ್ಲ ನಿಂಗೆ! ಖಲಾಸ್, ಹೋಗ್ಬೇಡ,” ಎಂದು ಲವೀನಾ ಫೋನಿಟ್ಟಳು.

ಮರುದಿನ ಯಾಕೋ ಅನುಮಾನ ಬಂದು ಮೊಬೈಲಿನಲ್ಲಿ ಹುಡುಕಿದೆ. ಸುಮಾರು ಸಾವಿರದಿನ್ನೂರು ಕಿಲೋಮೀಟರ್, ಎರಡು ಗಂಟೆ ಚಿಲ್ಲರೆ. ನನ್ನ ಒಂದೂ ಅಲ್ಲ, ರೋಶನನ ಮೂರೂ ಅಲ್ಲ! ಬ್ಯಾಂಕಾಕಿನ ಗಡಿಯಾರ ಕೌಲಾಲಂಪುರಕ್ಕಿಂತ ಒಂದು ಗಂಟೆ ಹಿಂದೆ. ಟಿಕೆಟ್ಟಿನಲ್ಲಿ ಹೋಗುವಾಗ ಒಂದು ಗಂಟೆಯಾಗಿ ಕಾಣುವುದು ಬರುವಾಗ ಮೂರಾಗಿ ಕಾಣುತ್ತದೆ. ಅವನಿಗೆ ನೆನಪಿದ್ದದ್ದು ಬರುವ ದಾರಿ, ನನಗೆ ಹೋಗುವ ದಾರಿ.

ಇಲ್ಲಿಗೆ ಗೊಂದಲ ಮುಗಿಯಬೇಕಿತ್ತು. ಆದರೆ ನನ್ನ ವಾಚು ಯಾವಾಗಲೂ ಊರ ಟೈಮಿನಲ್ಲಿರುತ್ತದೆ. ಕತಾರಿಗೆ ಬಂದರೂ ಅದರ ಮುಳ್ಳು ತಿರುಗಿಸಿದವನಲ್ಲ ನಾನು. ಇಲ್ಲಿನ ಸಮಯ ಫೋನು ಹೇಳುತ್ತದೆ. ಆ ವಾಚಿನಲ್ಲಿ ಎರಡು ಗಂಟೆಯೇ ಕಳೆದಿರಬೇಕು. ಹಾಗಾದರೆ ನನ್ನ ನೆನಪಿನ ಕೈಯಲ್ಲಿರುವುದು ಯಾರ ವಾಚು? ವಿಮಾನದಲ್ಲಿ ಊಟ ಮಾಡಿದ್ದೂ, ಒಂದು ನಿದ್ದೆ ತೆಗೆದದ್ದೂ ನೆನಪಿದೆ. ಒಂದು ಗಂಟೆಯಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿತು? ಬಹುಶಃ ನಾನು ನೋಡಿದ್ದು ಟಿಕೆಟ್ಟನ್ನು ಮಾತ್ರ. ವಾಚನ್ನು ನೆನಪು ಆಮೇಲೆ ಕಟ್ಟಿರಬೇಕು.

“ನಾನೂ ಸರಿ, ರೋಶನನೂ ಸರಿ,” ಎಂದು ಲವೀನಾಳಿಗೆ ವಿವರಿಸಿದೆ.

“ಎಂತ ಸರಿ? ನಿಮ್ಮ ಮಾತು ನಂಬಿ ನಾನು ಅವನಿಗೆ ಬೈದೆ. ಈಗ ಅವ ಹೋಗದಿದ್ರೆ ಜೆಸ್ಸಿಗೆ ಯಾರುಂಟು? ನೀವೇ ಫೋನ್ ಮಾಡಿ.”

ಮಾಡಿದೆ. “ರೋಶನ್, ಅದು ಎರಡು ಗಂಟೆ,” ಎಂದು ಶುರುಮಾಡಿದರೆ, ಆ ಕಡೆ ಮಾತಾಡಿದ್ದು ಜೆಸ್ಸಿ.

“ಅವ ಅಡುಗೆಮನೆಯಲ್ಲಿ ಬಾವ. ಬೆಳಿಗ್ಗೆ ಬಂದ. ಗಂಜಿ ಅಡಿ ಹಿಡಿಸಿದ್ದಾನೆ.” ಆಮೇಲೆ ಒಳಗೆ ಕೂಗಿದಳು, “ಉಪ್ಪು ಹಾಕ್ಲೇ ಇಲ್ಲ ಅಲ್ವನಾ?”

“ಆಪರೇಷನ್ ನಿನ್ನ ನಾಲಗೆಗೆ ಮಾಡ್ಬೇಕಿತ್ತು!”

“ಅಯ್ಯೋ ನಗಿಸ್ಬೇಡ, ಹೊಲಿಗೆ ಎಳೀತದೆ.”

ಬರಲು ಎಷ್ಟು ಹೊತ್ತಾಯಿತೆಂದು ಕೇಳಲು ಬಾಯಿ ತೆರೆದೆ. ಲವೀನಾ ಫೋನು ಕಿತ್ತುಕೊಂಡಳು. ಆ ಎರಡು ಊರುಗಳ ನಡುವಿನ ದೂರ ನನಗೆ ಈಗಲೂ ಗಲಿಬಿಲಿಯೇ. ಜೆಸ್ಸಿಯ ಮಂಚದಿಂದ ಅಡುಗೆಮನೆಗೆ ಎಷ್ಟು ದೂರ ಎಂಬುದು ಮಾತ್ರ ಖಚಿತವಾಗಿ ಗೊತ್ತಾಯಿತು: ಬೈದರೆ ಕೇಳಿಸುವಷ್ಟು.