ಹಾರನ್ನಿಗೆ ಬೇರೆ ದುಡ್ಡು

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಕವಲಂದೆ, ದೇವನೂರು, ಹೆಮ್ಮರಗಾಲ ಎಂದು ನಂಜನಗೂಡಿನ ಸುತ್ತಲ ಹಳ್ಳಿ ರೂಟುಗಳಲ್ಲೇ ಅವರ ಸರ್ವೀಸೆಲ್ಲ ಕಳೆಯಿತು. ನಿವೃತ್ತಿಯ ನಂತರ ನರಸೀಪುರದ ಮನೆಯಲ್ಲಿ ಆರಾಮಾಗಿ ಇದ್ದವರಿಗೆ ಒಂದು ದಿನ ಸ್ಟ್ರೋಕ್ ಹೊಡೆಯಿತು. ಮಾತು ಉಳಿಯಿತು, ಎಡಗೈ, ಎಡಗಾಲು ಸೋತವು. ಕಾಲು ನಿಧಾನವಾಗಿ ಚೇತರಿಸಿಕೊಂಡಿತು, ಕೈ ಮಾತ್ರ ಮೊಂಡು ಹಿಡಿದು ಕೂತಿತು. ಫಿಸಿಯೋಥೆರಪಿಗೆ ಬರುತ್ತಿದ್ದ ಹೆಂಗಸು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಬೇಕೆಂದರು. ಅಪ್ಪ ಅದನ್ನು ಕಿಟಕಿಯ ಮೇಲಿಟ್ಟರು.

"ಇದ್ನ ಇಸುಕಿ ನಾನೇನ್ ಪಾನಕ ಮಾಡ್ಲಾ?" ಎಂದು ನನ್ನನ್ನೇ ಕೇಳಿದರು.

ನಾನು ದಿನವೂ ನಂಜನಗೂಡಿಗೆ ಹೋಗಿ ಅಲ್ಲಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಸಹೋದ್ಯೋಗಿಯೊಬ್ಬ ತನ್ನ ವಿಡಿಯೋ ಗೇಮ್ ಮಿಷನ್ ಮಾರುವವನಿದ್ದ. ಅದರ ಜೊತೆಗೆ ಟೇಬಲ್ಲಿಗೆ ಬಿಗಿಯುವ ಒಂದು ಸ್ಟೀರಿಂಗೂ ಕಾಲಲ್ಲಿ ಒತ್ತುವ ಪೆಡಲುಗಳೂ ಇದ್ದವು. ಆ ಸ್ಟೀರಿಂಗ್ ನೋಡಿದ ಕೂಡಲೇ ನನಗೆ ಅಪ್ಪನ ಕೈ ನೆನಪಾಯಿತು. ಕೊಂಡು ತಂದೆ. ಅವ್ವ ಬಾಗಿಲಲ್ಲೇ ನಿಂತು, "ಮೊಮ್ಮಕ್ಕಳ ಕಾಣೋ ವಯಸ್ನಾಗೆ ನಿಮ್ಮಪ್ಪುಂಗೆ ಆಟದ್ ಸಾಮಾನ್ ತಂದಿದೀಯಲ್ಲವ್ವ" ಎಂದಳು.

ಬಸ್ ಓಡಿಸುವ ಆಟವೊಂದಿದೆ ಎಂದು ತಿಳಿದು ಮೈಸೂರಿನ ಅಂಗಡಿಗೆ ಹೋದೆ. ಬೆಲೆ ಕೇಳಿ ಡಬ್ಬ ವಾಪಸ್ ಇಟ್ಟುಬಿಟ್ಟೆ. ನಮ್ಮ ಮನೆಯ ಒಂದು ತಿಂಗಳ ದಿನಸಿಯೂ ಅಷ್ಟಾಗುವುದಿಲ್ಲ. ಅಂಗಡಿಯವನಿಗೆ ಇದು ಮಾಮೂಲು.

"ಹೋದ್ ವರ್ಷದ್ದು ಇಷ್ಟಿರ್ಲಿಲ್ಲ ಮೇಡಂ. ಈಗ ಎಲ್ಲ ಕಂಪನಿಯವರೂ ಏರ್ಸಿದಾರೆ. ನೀವು ಹಳೇ ಮಿಷನ್ ತಗೊಂಡಿದ್ದು ಒಳ್ಳೇದಾಯ್ತು ಬಿಡಿ, ಮಿಷನ್ ರೇಟೂ ಏರಿದೆ."

"ಆ ಮಿಷನ್ ಬಂದು ಇಷ್ಟು ವರ್ಷ ಆಯ್ತಲ್ಲ, ಇಳೀಬೇಕಲ್ವಾ?"

"ಟಿ.ವಿ., ಫ್ರಿಜ್ ಆದ್ರೆ ಇಳಿಯುತ್ತೆ. ಇದು ಏರುತ್ತೆ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅಪ್ಪನ ಔಷಧದ ಖರ್ಚು ಅಂದುಕೊಂಡು ದುಡ್ಡು ಕೊಟ್ಟೆ.

ಮನೆಗೆ ಬಂದು ಡಿಸ್ಕ್ ಹಾಕಿದರೆ ಅದರೊಳಗೆ ಆಟವೇ ಇಲ್ಲ! ಡಿಸ್ಕ್ ಬರೀ ಬೀಗದ ಕೈ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ನಮ್ಮ ಮನೆಯ ನೆಟ್ಟು ಏದುಸಿರು ಬಿಡುತ್ತಾ ಅದನ್ನು ಎಳೆದು ತರುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು.

ಅಪ್ಪ ಮೊದಲು ಒಲ್ಲೆ ಅಂದರು. ಆಮೇಲೆ ಪರದೆಯ ಮೇಲೆ ಬಸ್ಸು ಕಂಡಾಗ ಕುರ್ಚಿ ಎಳೆದುಕೊಂಡರು. ಬಲಗೈಯಿಂದ ಎಡಗೈಯನ್ನು ಎತ್ತಿ ಸ್ಟೀರಿಂಗಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಮೊದಲ ತಿರುವಿನಲ್ಲೇ ಕೈ ಜಾರಿತು. ಮತ್ತೆ ಎತ್ತಿಟ್ಟರು. ಮೂರ್ನಾಲ್ಕು ತಿರುವು ದಾಟಿದ ಮೇಲೆ ಆ ಬೆರಳುಗಳು ತಾವಾಗಿಯೇ ಬಿಗಿಯಾದವು. ಅಡುಗೆಮನೆಯಿಂದ ಬಂದ ಅವ್ವ ಪಕ್ಕದಲ್ಲಿ ಕೂತಳು. ಕೊಟ್ಟ ದುಡ್ಡು ಆ ಗಳಿಗೆಯಲ್ಲಿ ನನಗೆ ದುಬಾರಿ ಅನ್ನಿಸಲಿಲ್ಲ.

ಆ ಸಮಾಧಾನ ಸಂಜೆಯವರೆಗೂ ಉಳಿಯಲಿಲ್ಲ. ಆಟದ ಬಸ್ಸು ಒಂದು ಸಂತೆಬೀದಿಗೆ ಬಂತು. ಅಪ್ಪ ಹಾರನ್ ಒತ್ತಿದರು. ಪೀ ಎಂದು ಸೊಳ್ಳೆಯಂಥ ದನಿ ಬಂತು.

"ಇದು ಸ್ಕೂಟ್ರು ಆರನ್ನು. ಬಸ್ಸಿಂದು ಆಕು ಮಗ."

ನಾನು ಹುಡುಕಿದೆ. ಬಸ್ಸಿನ ಹಾರನ್ ಇತ್ತು, ಆದರೆ ಅದರ ಮೇಲೆ ಬೀಗದ ಚಿತ್ರವಿತ್ತು. ಬೇಕಿದ್ದರೆ ಬೇರೆ ದುಡ್ಡು.

"ಆರನ್‌ಗೂ ಕಾಸಾ? ಬಸ್ ಕೊಟ್ಟೋರು ಆರನ್ ಕೊಡಾಕಿಲ್ವಾ? ನಾಳಿಕ್ಕೆ ಬ್ರೇಕ್‌ಗೂ ಕೇಳ್ತರೆ ನೋಡ್ತಿರು!"

ಬ್ರೇಕಿಗೆ ಕೇಳಲಿಲ್ಲ, ಅದೊಂದು ಪುಣ್ಯ. ಆದರೆ ಇದ್ದದ್ದು ಒಂದೇ ಊರು, ಒಂದೇ ಬಸ್ಸು. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ್ದ ಘಾಟ್ ರಸ್ತೆಗೂ ಬೀಗ. ಅದನ್ನು ರೂಪಾಯಿ ಕೊಟ್ಟು ನೇರವಾಗಿ ಕೊಳ್ಳುವ ಹಾಗೂ ಇಲ್ಲ. ಮೊದಲು ಆಟದ ನಾಣ್ಯ ಕೊಳ್ಳಬೇಕು, ಆಮೇಲೆ ನಾಣ್ಯದಿಂದ ರಸ್ತೆ. ನಾಣ್ಯಗಳ ಚಿಕ್ಕ ಚೀಲ ಕೊಂಡರೆ ರಸ್ತೆಗೆ ಸಾಲದು, ದೊಡ್ಡದು ಕೊಂಡರೆ ಒಂದಷ್ಟು ಮಿಗುತ್ತದೆ, ಮಿಕ್ಕಿದ್ದರಲ್ಲಿ ಹಾರನ್ ಕೂಡ ಬರುವುದಿಲ್ಲ. ಬೇಕೆಂದೇ ಹಾಗೆ ಲೆಕ್ಕ ಹಾಕಿಟ್ಟಿದ್ದಾರೆಂದು ಗೊತ್ತಾಗಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಅಪ್ಪನಿಗೆ ವಿವರಿಸಿದೆ. ಅವರು ನಿಜಕ್ಕೂ ಕೆರಳಿದರು.

"ನಮ್ ಕಂಡಕ್ಟ್ರು ಚಿಲ್ಲರೆ ಇಲ್ದಿದ್ರೆ ಟಿಕೆಟ್ ಇಂದುಗಡೆ ಬರ್ದುಕೊಡ್ತಿದ್ದ. ಇಳಿಯೋವಾಗ ಕೇಳಿ ಈಸ್ಕೋತಿದ್ರು. ಇವ್ರು ಯಾವ ಸ್ಟಾಪ್ನಾಗೆ ಕೊಡ್ತರಂತೆ?"

ಆದರೂ ಅವರಿಗೆ ಘಾಟ್ ರಸ್ತೆಯ ಆಸೆ. ಆ ತಿರುವುಗಳು ಕೈಗೆ ಒಳ್ಳೆಯದೆಂದು ನನ್ನ ಆಸೆಯೂ ಅದೇ. ರಿಯಾಯಿತಿ ಬರಲೆಂದು ಕಾದೆ. ಹಬ್ಬದ ಸಮಯಕ್ಕೆ ರಿಯಾಯಿತಿ ಬಂತು. ಆದರೆ ಅದರ ಹಿಂದಿನ ವಾರ ಮೂಲ ಬೆಲೆಯನ್ನೇ ಏರಿಸಿದ್ದರು. ಏರಿಸಿದ್ದನ್ನು ಇಳಿಸಿ ಅದಕ್ಕೆ ಹೂವಿನ ಅಲಂಕಾರ ಬೇರೆ. ಹಲ್ಲು ಕಚ್ಚಿಕೊಂಡು ಕೊಂಡೆ. ಆ ರಸ್ತೆ ತೆರೆಯಲು ತಿಂಗಳ ಚಂದಾದಾರರೂ ಆಗಬೇಕೆಂದು ಕೊಂಡ ಮೇಲೆ ತಿಳಿಯಿತು. ಅದನ್ನೂ ಕಟ್ಟಿದೆ.

ಅಪ್ಪ ಮಾತ್ರ ಬೆಳಿಗ್ಗೆ ಕಾಫಿ ಕುಡಿದು, ಶರಟು ಹಾಕಿಕೊಂಡು, ಡ್ಯೂಟಿಗೆ ಹೊರಟವರ ಹಾಗೆ ಬಂದು ಕೂರುತ್ತಿದ್ದರು. ಬನಿಯನ್‌ನಲ್ಲಿ ಸ್ಟೀರಿಂಗ್ ಮುಟ್ಟುತ್ತಿರಲಿಲ್ಲ. ಫಿಸಿಯೋಥೆರಪಿಯ ಹೆಂಗಸು ಒಂದು ದಿನ ಅವರ ಎಡಗೈಗೆ ತನ್ನ ಕೈ ಕೊಟ್ಟು, "ಹಿಡೀರಿ ನೋಡಣ" ಎಂದವರು, "ಅಯ್ಯೋ ಸಾಕು ಬಿಡಿ ಸಾರ್, ನೋಯ್ತದೆ" ಎಂದು ಬಿಡಿಸಿಕೊಂಡರು.

ಅಷ್ಟರಲ್ಲಿ ಕಂಪನಿ ಅದೇ ಆಟದ ಹೊಸ ಆವೃತ್ತಿ ತಂದಿತು. ಅದೇ ಊರು, ಅದೇ ಘಾಟು, ಬಸ್ಸಿಗೆ ಹೊಸ ಬಣ್ಣ, ಬೆಲೆ ಇನ್ನೂ ಹೆಚ್ಚು. ಹಳೆಯದರಲ್ಲಿ ಕೊಂಡ ರಸ್ತೆ, ನಾಣ್ಯ ಯಾವುದೂ ಇದಕ್ಕೆ ನಡೆಯುವುದಿಲ್ಲ. ಹಳೆಯ ಆಟ ತೆರೆಯಲು ಪ್ರತಿಸಲ ನೆಟ್ಟಿನ ಮೂಲಕ ತಲುಪಬೇಕಾದ ಕಂಪನಿಯ ಸರ್ವರ್ ಅನ್ನು ಮುಚ್ಚುತ್ತೇವೆ ಎಂಬ ಸೂಚನೆಯೂ ಬಂತು.

"ಕೊಡ್ಬ್ಯಾಡ ಮಗ" ಎಂದರು ಅಪ್ಪ. "ಇರೋ ರೋಡ್ನಾಗೇ ಓಡುಸ್ತೀನಿ."

ಆದರೆ ಸರ್ವರ್ ಮುಚ್ಚಿದ ದಿನ ಇದ್ದ ರಸ್ತೆಯೂ ತೆರೆಯಲಿಲ್ಲ. ದುಡ್ಡು ಕೊಟ್ಟು ತಂದ ಡಿಸ್ಕ್ ಕೈಯಲ್ಲಿದೆ, ಆಟ ಇಲ್ಲ! ಅಪ್ಪ ಶರಟು ಹಾಕಿಕೊಂಡು ಕೂತೇ ಇದ್ದರು. ನಾನು ಕಂಪನಿಯ ಸಹಾಯವಾಣಿಗೆ ಬರೆದೆ. ಉತ್ತರಿಸಿದ್ದು ಒಂದು ಯಂತ್ರ. ನನ್ನ ತೊಂದರೆ ಕೇಳಿ ಅದಕ್ಕೆ ತುಂಬ ಬೇಸರವಾಯಿತಂತೆ. ಹೊಸ ಆವೃತ್ತಿ ಕೊಂಡರೆ ಎಲ್ಲ ಸರಿಹೋಗುತ್ತದಂತೆ. ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಫೋನಿನ ಬೆಲೆ ನೆನೆದು ಸುಮ್ಮನಾದೆ.

ಹಳೇ ಗೇಮುಗಳನ್ನು ಮಾರುವ ಅಂಗಡಿಯೊಂದು ಮೈಸೂರಿನಲ್ಲಿದೆ ಎಂದು ಮಿಷನ್ ಮಾರಿದ ಸಹೋದ್ಯೋಗಿ ಹೇಳಿದ. ಅಪ್ಪ ತಾವೂ ಬರುತ್ತೇನೆಂದು ಹಟ ಹಿಡಿದರು. ಸ್ಟ್ರೋಕ್ ಆದ ಮೇಲೆ ಅವರು ಬಸ್ಸು ಹತ್ತಿದ್ದು ಅವತ್ತೇ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಮೈಸೂರಿನವರೆಗೂ ಅವನ ಗೇರನ್ನೇ ನೋಡುತ್ತಿದ್ದರು.

ಅಂಗಡಿಯಲ್ಲಿ ನಮ್ಮ ಮಿಷನ್ನಿನಲ್ಲೇ ಓಡುವ, ಬಹಳ ಹಿಂದಿನ ಒಂದು ಬಸ್ಸಿನ ಆಟವಿತ್ತು. ಡಬ್ಬದ ಮೂಲೆ ಒಡೆದಿತ್ತು. ಬೆಲೆ ಕೇಳಿದರೆ ಅದೂ ಕಡಿಮೆಯಿಲ್ಲ.

"ಅಳೇ ಗಾಡಿಗೆ ಒಸಾ ಗಾಡಿ ರೇಟು ಯೋಳ್ತೀಯಲ್ಲಪ್ಪ" ಎಂದರು ಅಪ್ಪ.

"ಇದ್ರಲ್ಲಿ ಎಲ್ಲಾ ಒಳಗೇ ಇದೆ ಸಾರ್. ಅದಕ್ಕೇ ಈಗ ಇದಕ್ಕೆ ಡಿಮ್ಯಾಂಡು."

"ಎಲ್ಲಾ ರೋಡೂವಾ? ಆಮೇಲ್ ಕಾಸ್ ಕೇಳಾಕಿಲ್ವಾ?"

"ಇದಕ್ಕೆ ನೆಟ್ಟೇ ಬೇಡ ಸಾರ್, ಯಾರ್ ಬಂದು ಕೇಳ್ತಾರೆ?"

ಅಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತರು. ಹಾಕಿ ತೋರಿಸು ಅಂದರು. ಒಂದೊಂದೇ ರಸ್ತೆ ತೆಗೆಸಿ ನೋಡಿದರು, ಹಾರನ್ ಒತ್ತಿ ಕೇಳಿದರು. ಬೇರೆ ಗಿರಾಕಿಗಳು ಬಂದು ಹೋದರು, ಅಪ್ಪ ಏಳಲಿಲ್ಲ. ಕೊನೆಗೆ ಅಂಗಡಿಯವನು ಬೇಸತ್ತು ಬೆಲೆ ಇಳಿಸಿದ. ಚಿತ್ರ ಸ್ವಲ್ಪ ಮಸುಕು, ಮರಗಳು ರಟ್ಟಿನಲ್ಲಿ ಕತ್ತರಿಸಿಟ್ಟ ಹಾಗಿವೆ; ಅಪ್ಪನಿಗೆ ಅದರ ಚಿಂತೆಯಿಲ್ಲ. ಈಗಲೂ ದಿನಾ ಓಡಿಸುತ್ತಾರೆ. ಎಡಗೈಯಲ್ಲಿ ಲೋಟ ಎತ್ತುತ್ತಾರೆ, ಶರಟಿನ ಗುಂಡಿ ಹಾಕಿಕೊಳ್ಳುತ್ತಾರೆ.

ನನ್ನ ಪಾಡು ಅಲ್ಲಿಗೇ ಮುಗಿಯಲಿಲ್ಲ. ಮುಚ್ಚಿಹೋದ ಆಟದ ಚಂದಾ ನನ್ನ ಬ್ಯಾಂಕ್ ಖಾತೆಯಿಂದ ಮತ್ತೆ ಕಟ್ಟಾಯಿತು. ರದ್ದು ಮಾಡುವ ಬಟನ್ ಹುಡುಕುವುದೇ ಒಂದು ದೊಡ್ಡ ಕೆಲಸ. ಸಿಕ್ಕಿದ ಮೇಲೆ "ನಿಜವಾಗಿಯೂ ಹೋಗುತ್ತೀರಾ?" ಎಂದು ಕೇಳಿತು, ಹೋಗದೆ ಉಳಿದರೆ ನಾಣ್ಯ ಕೊಡುತ್ತೇನೆ ಅಂದಿತು, ಕಾರಣ ತಿಳಿಸದೆ ಬಿಡುವುದಿಲ್ಲ ಅಂದಿತು. ಅದು ತೋರಿಸಿದ ಕಾರಣಗಳಲ್ಲಿ 'ಆಟವನ್ನು ನೀವೇ ಮುಚ್ಚಿದ್ದೀರಿ' ಎಂಬುದು ಇರಲಿಲ್ಲ. 'ಇತರೆ' ಒತ್ತಿದೆ. ಏನು ಬರೆಯಲಿ ಎಂದು ಅಪ್ಪನನ್ನು ಕೇಳಿದೆ. ಅವರು ಬಸ್ ಸ್ಟ್ಯಾಂಡಿನ ಭಾಷೆಯಲ್ಲಿ ಹೇಳಿದರು. ಅಡುಗೆಮನೆಯಿಂದ ಅವ್ವ, "ಎಣ್ಮಗೀನ್ ಕೈಲಿ ಏನ್ ಬರುಸ್ತೀರಿ ನೀವು!" ಎಂದು ಗದರಿದಳು. ನಾನು ಒಂದಕ್ಷರ ಬಿಡದೆ ಕನ್ನಡದಲ್ಲೇ ಬರೆದು ಕಳಿಸಿದೆ. ನಿಮ್ಮ ಸಲಹೆ ನಮಗೆ ಅಮೂಲ್ಯ ಎಂದು ಉತ್ತರ ಬಂತು.