ಕಡಪ ಕಲ್ಲಿನ ಮೇಲೆ ಕಾರ್ಬನ್ ಪಾಠ

ಇವತ್ತೂ ಬಾಯಿ ಕಟ್ಟಿಬಿಟ್ಟರೆ? ಮರಿಯಮ್ಮನಹಳ್ಳಿಯಿಂದ ಹೊರಟ ಮೊದಲ ಬಸ್ಸಿನ ಕಿಟಕಿ ಪಕ್ಕ ಕೂತು ಉಚ್ಚೆಂಗಮ್ಮ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಹೊರಗೆ ಅದಿರಿನ ಲಾರಿಗಳು ಇನ್ನೂ ದೀಪ ಹಾಕಿಕೊಂಡೇ ಓಡುತ್ತಿವೆ. ಕಾಲೇಜಿನ ಹೊಸ ಸೆಮಿಸ್ಟರಿನ ಟೈಮ್‌ಟೇಬಲ್ಲಿಗೆ ಪ್ರಿನ್ಸಿಪಾಲರು ಸಹಿ ಹಾಕುವುದು ಇವತ್ತೇ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಪಾಠ ಬಳ್ಳಾರಿಯಿಂದ ವಾರಕ್ಕೆರಡು ಸಲ ಬರಲಿರುವ ಮೇಷ್ಟ್ರಿಗೋ ಇವರಿಗೋ ಎಂಬುದು ಅದರಲ್ಲಿ ಇತ್ಯರ್ಥ. ಹೋದ ವಾರ ಪ್ರಿನ್ಸಿಪಾಲರು ಕರೆದು ಕೇಳಿದಾಗ ಈಕೆಯ ಬಾಯಿಂದ ಬಂದದ್ದು, "ನೀವು ಹೆಂಗ ಹೇಳ್ತೀರಿ ಹಂಗ್ರಿ ಸರ್." ಅಷ್ಟಂದು ಹೊರಬಂದವರು ಲ್ಯಾಬಿನ ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆಯುತ್ತ ನಿಂತುಬಿಟ್ಟಿದ್ದರು.

ಹೊಸಪೇಟೆಯ ಈ ಪುಟ್ಟ ಖಾಸಗಿ ಕಾಲೇಜಿನಲ್ಲಿ ಉಚ್ಚೆಂಗಮ್ಮನ ಹುದ್ದೆ ಪಾಠ ಹೇಳುವುದಲ್ಲ. ಆಮ್ಲ ಅಳೆದು ಬಾಟಲಿ ತುಂಬಿಡುವುದು, ಪ್ರಾಕ್ಟಿಕಲ್ಲಿಗೆ ಗಾಜಿನ ಸಾಮಾನು ಜೋಡಿಸುವುದು, ಒಡೆದದ್ದನ್ನು ಬರೆದಿಡುವುದು. ಪಾಠ ಹೇಳುವವರು ಕೆಲಸ ಬಿಟ್ಟು ಹೋದಾಗ "ಬೇರೆಯವರು ಸಿಗೋತನಕ ನೋಡಿಕೊಳ್ಳಿ" ಎಂಬ ಮಾತಾಗಿತ್ತು. ಬೇರೆಯವರು ಸಿಗಲಿಲ್ಲ. ಮೊದಲ ವರ್ಷದ ಪರಮಾಣು ರಚನೆಯಿಂದ ಹಿಡಿದು ಕೊನೆಯ ವರ್ಷದ ಬೆಂಜೀನಿನವರೆಗೆ ಎಲ್ಲವೂ ಈಗ ಇವರದೇ. ತರಗತಿ ಬೆಳಿಗ್ಗೆ ಏಳಕ್ಕೆ. ಯಾಕೆಂದರೆ ಕೊನೆಯ ವರ್ಷದ ತಿಪ್ಪೇಶ್‌ನಂಥವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕಂಪನಿ ಬಸ್ಸಿನಿಂದಿಳಿದು ಸೀದಾ ಇಲ್ಲಿಗೇ ಬರುತ್ತಾರೆ. ಪಾಠ ಮುಗಿಸಿ ಮನೆಗೆ ಹೋಗಿ ಮಲಗುತ್ತಾರೆ.

ಬಾಗಿಲು ತೆರೆಯುವ ಹೊನ್ನೂರಪ್ಪ ಈ ಲ್ಯಾಬಿನ ಹಳೇ ಅಟೆಂಡರ್. "ಬಾರವ್ವಾ, ಕಲ್ಲು ಒರೆಸೀನಿ. ಬರದು ಹೊಲಸು ಮಾಡು ಇನ್ನ," ಎನ್ನುತ್ತಾರೆ.

ಕಲ್ಲು ಎಂದರೆ ಲ್ಯಾಬಿನ ನಡುವಿನ ಉದ್ದನೆಯ ಮೇಜಿಗೆ ಹಾಸಿದ ಕಪ್ಪು ಕಡಪ ಕಲ್ಲು. ಉಚ್ಚೆಂಗಮ್ಮ ಪಾಠ ಮಾಡುವುದು ಅದರ ಮೇಲೆ. ಶುರುವಿನಲ್ಲಿ ಬೋರ್ಡಿನ ಮುಂದೆ ನಿಂತಾಗ ಹಿಂದಿನ ಬೆಂಚಿನಿಂದ ಯಾರೋ "ಮೇಡಂ, ಜರಾ ವಾಲ್ಯೂಮ್ ಜಾಸ್ತಿ ಇಡ್ರಿ" ಎಂದಿದ್ದರು. ಇಡೀ ಕ್ಲಾಸು ನಕ್ಕಿತ್ತು. ಮರುದಿನ ಈಕೆ ಎಲ್ಲರನ್ನೂ ಬೆಂಚು ಬಿಡಿಸಿ ಈ ಮೇಜಿನ ಸುತ್ತ ನಿಲ್ಲಿಸಿದರು. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಕಾರ್ಬನ್ ಬರೆದು, ಒಬ್ಬೊಬ್ಬರ ಕೈಗೂ ಒಂದೊಂದು ತುಂಡು ಸುಣ್ಣ ಕೊಟ್ಟರು.

"ಬೋರ್ಡ್ ಮುಂದ ನಿಂತ್ರ ಎಲ್ಲಾರೂ ನನ್ನ ನೋಡ್ತಾರ. ಇಲ್ಲಿ ಎಲ್ಲಾರೂ ಕಾರ್ಬನ್ ನೋಡ್ತಾರ," ಎಂದು ಉಚ್ಚೆಂಗಮ್ಮ ತಲೆ ಎತ್ತದೆ ನಗುತ್ತಾರೆ. "ನನಗ ಅದ ಚಲೋ."

ಅಪ್ಪ ಗವಿಸಿದ್ದಪ್ಪನದು ಹೆದ್ದಾರಿ ಬದಿಯ ಪಂಚರ್ ಅಂಗಡಿ. ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿನ ವಾಸನೆ ಇವರ ಮೊದಲ ರಸಾಯನಶಾಸ್ತ್ರ. "ಇದರ ವಾಸನಿ ಮೂಗಿಗೆ ಯಾಕ ಬರ್ತದ ಅಂತ ಕೇಳಿದ್ರ, ಮೂಗೈತಲ್ಲ ಅದಕ್ಕ ಬರ್ತದ ಅಂತಿದ್ದ ಅಪ್ಪ." ಆ ಉತ್ತರ ಸಾಲದೆ ಬಳ್ಳಾರಿಗೆ ಹೋಗಿ ಎಂ.ಎಸ್ಸಿ. ಮುಗಿಸಿದರು.

ಇವತ್ತು ಆಮ್ಲಕ್ಕೆ ಆಲ್ಕೋಹಾಲ್ ಬೆರೆಸಿ ಎಸ್ಟರ್ ಮಾಡುವ ಪ್ರಾಕ್ಟಿಕಲ್. ಅದಕ್ಕೂ ಮೊದಲು ಕಲ್ಲಿನ ಮೇಲೆ ಒಂದು ಕಡೆ ಆಮ್ಲ, ಇನ್ನೊಂದು ಕಡೆ ಆಲ್ಕೋಹಾಲ್. ಎಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಣ ಹಾಕಬೇಕು. ನಿದ್ದೆಗಣ್ಣಿನ ತಿಪ್ಪೇಶ್ ಬಾಣವನ್ನು ಆಮ್ಲದ ಕಾರ್ಬನ್ನಿನಿಂದ ಹೊರಡಿಸುತ್ತಾನೆ.

"ಯಾಕ ಅಲ್ಲಿಂದ?"

"ಆ ಕಾರ್ಬನ್ ಹತ್ರ ಎಲೆಕ್ಟ್ರಾನ್ ಕಡಿಮಿ ಐತಲ್ರಿ ಮೇಡಂ. ಹಿಟ್ಟು ಇಲ್ಲದೋರು ತಾವ ಹೋಗಿ ಕಡ ಕೇಳಬೇಕಲ್ರಿ?"

ಎಲ್ಲರೂ ನಗುತ್ತಾರೆ. ಉಚ್ಚೆಂಗಮ್ಮನ ಕಣ್ಣು ಮಿಂಚುತ್ತದೆ. "ಕೇಳಾಕ ಹೋಗೋ ಮನಷಾ ಅಲ್ಲಪ್ಪ ಈ ಬಾಣ. ಇದು ಹಿಟ್ಟು. ಹಿಟ್ಟು ಯಾರ ಮನಿಯಿಂದ ಹೊರಡ್ತದ?"

"ಇದ್ದೋರ ಮನಿಯಿಂದ."

"ಇಲ್ಲಿ ಇದ್ದೋರು ಯಾರು?"

ತಿಪ್ಪೇಶ್ ಅಂಗೈಯಿಂದ ಬಾಣ ಅಳಿಸುತ್ತಾನೆ. ಆಲ್ಕೋಹಾಲಿನ ಆಕ್ಸಿಜನ್ನಿನಿಂದ ಕಾರ್ಬನ್ನಿನವರೆಗೆ ಹೊಸದೊಂದು ಬಾಣ ಬಾಗುತ್ತದೆ. ನೋಡುತ್ತಿದ್ದವರ ಮುಖದ ಮೇಲೆ ಒಂದರ ಹಿಂದೊಂದು ದೀಪ ಹತ್ತಿದಂತಾಗುತ್ತದೆ. ಇನ್ನೊಬ್ಬಳು ಸುಣ್ಣ ಕಸಿದುಕೊಂಡು ಮುಂದಿನ ಬಾಣ ಹಾಕುತ್ತಾಳೆ, ಅದು ತಪ್ಪೆಂದು ಮತ್ತೊಬ್ಬ. ಕಲ್ಲು ಬಿಳಿಯಾಗುತ್ತದೆ, ಹೊನ್ನೂರಪ್ಪ ಗೊಣಗುತ್ತಾರೆ.

ಆಮೇಲೆ ಬಿಸಿನೀರಿನಲ್ಲಿ ಪ್ರನಾಳ ಇಳಿಯುತ್ತದೆ. ಕಾದದ್ದನ್ನು ಸೋಡಾಪುಡಿಯ ನೀರಿಗೆ ಸುರಿದದ್ದೇ ತಡ, ಲ್ಯಾಬಿನ ತುಂಬ ಬಾಳೆಹಣ್ಣಿನ ಗಮಲು.

"ಇದು ಬಾಳಿಹಣ್ಣಲ್ಲ ಮೇಡಂ," ತುಳಸಿ ತಕರಾರು ತೆಗೆಯುತ್ತಾಳೆ. ಕಂಪ್ಲಿಯಲ್ಲಿ ಬಾಳೆ ತೋಟದ ಮನೆಯವಳು. "ನಮ್ಮ ತ್ವಾಟದ ಹಣ್ಣು ಹಿಂಗ ನಾರೂದಿಲ್ಲ. ಇದು ಪೆಪ್ಪರ್‌ಮಿಂಟು."

"ನಿಮ್ಮ ತ್ವಾಟದಾಗ ಬರೇ ಗೊಬ್ಬರದ ವಾಸನಿ ಬಿಡವಾ," ತಿಪ್ಪೇಶ್ ಕಿಚಾಯಿಸುತ್ತಾನೆ.

"ಇಲ್ಲ, ಆಕಿ ಮೂಗು ಖರೇ ಹೇಳ್ತು," ಉಚ್ಚೆಂಗಮ್ಮನ ದನಿ ತಾನಾಗಿಯೇ ಏರಿದೆ. "ಹಣ್ಣಿನಾಗ ಭಾಳ ವಾಸನಿ ಕೂಡಿರ್ತಾವ. ನಾವು ಮಾಡಿದ್ದು ಅದರಾಗಿಂದು ಒಂದ. ಪೆಪ್ಪರ್‌ಮಿಂಟಿನೋರೂ ಇದನ್ನ ಹಾಕ್ತಾರ."

ಹತ್ತಾರು ಮೂಗುಗಳು ಬೀಕರಿನತ್ತ ಬಾಗುತ್ತವೆ. "ಹತ್ರ ಬ್ಯಾಡ್ರಿ, ಕೈಲೆ ಗಾಳಿ ಹಾಕ್ಕೊಂಡು ಮೂಸ್ರಿ," ಎಂದು ಈಕೆ ಒಬ್ಬೊಬ್ಬರನ್ನೇ ಹಿಂದಕ್ಕೆ ಸರಿಸುತ್ತಿರುವಾಗ ಬಾಗಿಲಲ್ಲಿ ಪ್ರಿನ್ಸಿಪಾಲ್ ಗೋಪೀನಾಥರು ನಿಂತಿದ್ದಾರೆ.

"ಏನಮ್ಮಾ, ವರಾಂಡದ ತುಂಬಾ ಹಣ್ಣಿನ ವಾಸನೆ. ನಂಗೆ ಒಂದೂ ಇಡಲಿಲ್ಲವೇ?" ನಗುತ್ತಲೇ ಕೈಯಲ್ಲಿದ್ದ ಹಾಳೆ ಬಿಡಿಸುತ್ತಾರೆ. "ಬಳ್ಳಾರಿಯವರು ಒಪ್ಪಿದಾರೆ. ಆರ್ಗ್ಯಾನಿಕ್ ಪಾಠ ಮಧ್ಯಾಹ್ನ ಎರಡು ಗಂಟೆಗೆ ಇಡೋಣ ಅಂತ. ನಿಮಗೂ ಹೊರೆ ಇಳಿಯುತ್ತೆ. ಅಭ್ಯಂತರ ಏನೂ ಇಲ್ಲವಲ್ಲ?"

ಮಧ್ಯಾಹ್ನ ಎರಡಕ್ಕೆ ತಿಪ್ಪೇಶ್ ನಿದ್ದೆಯಲ್ಲಿರುತ್ತಾನೆ. ಅವನು ನೆಲ ನೋಡುತ್ತಾನೆ. ಹೊನ್ನೂರಪ್ಪ ಕಲ್ಲು ಒರೆಸುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಉಚ್ಚೆಂಗಮ್ಮ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾರೆ. ತಲೆಯಾಡಿಸಿಬಿಟ್ಟರೆ ಮುಗಿಯಿತು, ಅದೇ ಸುಲಭ. ಆದರೆ ತಲೆ ಆಡುವುದಿಲ್ಲ.

"ಐತ್ರಿ ಸರ್," ಎನ್ನುತ್ತಾರೆ, ಬಾಗಿಲಿನವರೆಗೂ ಕೇಳುವಂತೆ. "ಈ ಪಾಠ ನನಗ ಬೇಕು. ನಾ ಇದನ್ನ ಚಲೋ ಕಲಿಸ್ತೀನಿ."